ಪ್ರತಿಫಲಾಪೇಕ್ಷೆಯಿಲ್ಲದೆ ಕೊಟ್ಟ ಷೇರು

"ಈ ವರ್ಷ ನನ್ನ ಡಿವಿಡೆಂಡಿನ ಮೇಲೆ ಯಾವನು ತೆರಿಗೆ ಹಾಕ್ತಾನೋ ನೋಡೇಬಿಡ್ತೀನಿ!" ಎಂದು ಕರಡುಪಂಡಿತರು ಊಟದ ಮೇಜು ಗುದ್ದಿ ಘೋಷಿಸಿದರು. ಉಪ್ಪಿನ ಡಬ್ಬಿ ಹೆದರಿ ಉರುಳಿತು. ಮಡದಿ ಹೆದರಲಿಲ್ಲ.

"ಮೊದಲು ಉಪ್ಪು ಬಳೀರಿ," ಎಂದರು.

ಕರಡುಪಂಡಿತ ಎಂಬುದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದ್ದಕ್ಕೆ ಸಿಕ್ಕ ಬಿರುದು. ಅವರ ಕೆಂಪು ಪೆನ್ನಿನ ಕಣ್ಣು ತಪ್ಪಿಸಿ ಒಂದು ಅಲ್ಪಪ್ರಾಣವೂ ಮಹಾಪ್ರಾಣವಾಗಿ ಹೊರಗೆ ಹೋದದ್ದಿಲ್ಲ. ಅಂಥವರ ಪ್ರಾಣ ಹಿಂಡುತ್ತಿದ್ದದ್ದು ಒಂದು ಪ್ಲಾಸ್ಟಿಕ್ ಬಕೆಟ್ ಕಂಪನಿ. ಅದರ ಒಂದಷ್ಟು ಷೇರು ಅವರ ಹೆಸರಲ್ಲಿದ್ದವು.

"ನೋಡೇ, ಕಂಪನಿಗೆ ಲಾಭ ಬಂತು. ಅದಕ್ಕೆ ಕಂಪನಿ ತೆರಿಗೆ ಕಟ್ತು. ಉಳಿದದ್ದರಲ್ಲಿ ನನಗೊಂದು ಪಾಲು ಕೊಡ್ತು. ಮೊದಲೆಲ್ಲ ಆ ಪಾಲಿನ ತೆರಿಗೆನೂ ಕಂಪನಿನೇ ಕಟ್ಟಿಬಿಡ್ತಿತ್ತು. ಈಗ ಅದು ನನ್ನ ಆದಾಯವಂತೆ! ಸಂಬಳದ ಜೊತೆ ಸೇರಿಸಿ ಮತ್ತೆ ತೆರಿಗೆಯಂತೆ! ಒಂದೇ ಕುರಿಗೆ ಎರಡು ಕ್ಷೌರ!"

"ಕುರಿ ಯಾರು?"

ಪಂಡಿತರು ಆ ಪ್ರಶ್ನೆಯನ್ನು ಕರಡಿನಿಂದಲೇ ಹೊಡೆದುಹಾಕಿದರು.

ಅಸಲಿಗೆ ಅವರ ಕಣ್ಣಿದ್ದದ್ದು ಒಂದು ಒರಗುಕುರ್ಚಿಯ ಮೇಲೆ. ಅಂಗಡಿಯ ಗಾಜಿನಾಚೆ ಅದು ಸಿಂಹಾಸನದಂತೆ ಕೂತಿತ್ತು. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ! ತೆರಿಗೆ ಉಳಿದರೆ ಕುರ್ಚಿ. ಇಲ್ಲವಾದರೆ, ನೋಯುವ ಬೆನ್ನಿಗೆ ಮನೆಯ ಅದೇ ಕುಂಟು ಸ್ಟೂಲು.

ಮೂರು ದಿನ ಯೋಚಿಸಿ ಬ್ರಹ್ಮಾಸ್ತ್ರ ತೆಗೆದರು. ಮಡದಿಗೆ ತೆರಿಗೆ ಕಟ್ಟುವಷ್ಟು ಆದಾಯವಿಲ್ಲ. ಷೇರು ಅವಳ ಹೆಸರಿಗೆ ಹೋದರೆ ಡಿವಿಡೆಂಡೂ ಅವಳದು, ತೆರಿಗೆ ಸೊನ್ನೆ! ಮದುವೆಯ ವಾರ್ಷಿಕೋತ್ಸವ ಬಂದಾಗ ಷೇರುಗಳನ್ನೆಲ್ಲ ವರ್ಗಾಯಿಸಿ, ದಪ್ಪ ಕಾಗದದ ಮೇಲೆ ಬಂಗಾರದ ಅಕ್ಷರದಲ್ಲಿ ದಾನಪತ್ರ ಅಚ್ಚು ಹಾಕಿಸಿಕೊಟ್ಟರು: "ಯಾವುದೇ ಪ್ರತಿಫಲಾಪೇಕ್ಷೆಯಿಲ್ಲದೆ, ಶುದ್ಧ ಪ್ರೀತಿಯಿಂದ, ನನ್ನ ಮಡದಿಗೆ." ಕರಡನ್ನು ಮೂರು ಸಲ ನೋಡಿದ್ದರು.

"ಮೂವತ್ತು ವರ್ಷದಲ್ಲಿ ಇದೇ ಮೊದಲ ಸಲ ನನಗೆ ಬಕೆಟ್ ಹಿಡಿದ್ರಿ!" ಎಂದು ಮಡದಿ ಕಣ್ಣೊರೆಸಿಕೊಂಡು, ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಡಿವಿಡೆಂಡ್ ಮಡದಿಯ ಖಾತೆಗೆ ಬಂತು. ವಾರದೊಳಗೆ ಒರಗುಕುರ್ಚಿಯೂ ಬಂತು! ಪಂಡಿತರು ಚಪ್ಪಲಿ ಕಳಚಿ ಓಡಿದರು. ಅಷ್ಟರಲ್ಲಿ ಮಡದಿ ಕೂತಾಗಿತ್ತು.

"ಏಳೇ, ಅದು ನನ್ನ ಕುರ್ಚಿ!"

"ಷೇರು ನನ್ನದು, ಡಿವಿಡೆಂಡ್ ನನ್ನದು. ಕುರ್ಚಿ ಮಾತ್ರ ನಿಮ್ಮದು ಹ್ಯಾಗ್ರೀ?"

ಹೋಗಲಿ, ತೆರಿಗೆಯಾದರೂ ಉಳಿಯಿತಲ್ಲ, ಆ ದುಡ್ಡಿನಲ್ಲಿ ಇನ್ನೊಂದು ಕುರ್ಚಿ ತಂದರಾಯಿತು ಎಂದುಕೊಂಡು ಪಂಡಿತರು ಆಡಿಟರ ಹತ್ತಿರ ಹೋದರು.

"ಹೆಂಡತಿಗೆ ಷೇರು ಮಾರಿದ್ರೋ, ಸುಮ್ಮನೆ ಕೊಟ್ರೋ?" ಆಡಿಟರು ಕೇಳಿದರು.

"ಮಾರೋಕೆ ನಾನೇನು ದಲ್ಲಾಳಿಯೇ? ಕೊಟ್ಟೆ ಸ್ವಾಮಿ, ಕೊಟ್ಟೆ!" ಎಂದು ಎದೆಯುಬ್ಬಿಸಿ ದಾನಪತ್ರದ ಫೋಟೊ ತೋರಿಸಿದರು.

ಆಡಿಟರು ಓದಿ, ಕನ್ನಡಕ ತೆಗೆದಿಟ್ಟರು. "ಎಷ್ಟು ಅಚ್ಚುಕಟ್ಟಾಗಿ ಸಿಕ್ಕಿಹಾಕ್ಕೊಂಡಿದೀರಿ ಪಂಡಿತರೇ! ಸರಿಯಾದ ಬೆಲೆ ತಗೊಂಡು ಮಾರಿದ್ರೆ ಆಮೇಲೆ ಬರೋ ಡಿವಿಡೆಂಡ್ ಅವರ ಆದಾಯ. ಪ್ರತಿಫಲ ಇಲ್ಲದೆ ಹೆಂಡತಿಗೆ ಕೊಟ್ರೆ, ಡಿವಿಡೆಂಡ್ ಅವರ ಕೈಗೆ, ತೆರಿಗೆ ನಿಮ್ಮ ತಲೆಗೆ. ನೀವು ಚಾಪೆ ಕೆಳಗೆ ತೂರಿದ್ರಿ. ಕಾನೂನು ಆಗಲೇ ರಂಗೋಲಿ ಕೆಳಗೆ ಮಲಗಿತ್ತು!"

"ಇದು ಡಿವಿಡೆಂಡ್ ಅಲ್ಲ ಸ್ವಾಮಿ, ದಿವ್ಯ ದಂಡ!" ಎಂದು ಪಂಡಿತರು ಕುಸಿದರು. ಕುಸಿಯಲಿಕ್ಕೆ ಅಲ್ಲೂ ಸಿಕ್ಕಿದ್ದು ಸ್ಟೂಲೇ.

ಮನೆಗೆ ಬಂದಾಗ ಮಡದಿ ಕಾಲು ಮೇಲಕ್ಕೆತ್ತಿಕೊಂಡು ಪತ್ರಿಕೆ ಓದುತ್ತಿದ್ದರು.

"ಲೇ... ಆ ತೆರಿಗೆಗೆ ನಿನ್ನ ದುಡ್ಡಲ್ಲಿ ಒಂಚೂರು..."

ಮಡದಿ ಗೋಡೆಯತ್ತ ಬೆರಳು ತೋರಿಸಿದರು. ಪಂಡಿತರು ದಾನಪತ್ರವನ್ನು ನಾಲ್ಕನೆಯ ಸಲ ಓದಿದರು. ಜೀವಮಾನದಲ್ಲಿ ಮೊದಲ ಬಾರಿಗೆ, ದೇವರೇ, ಒಂದು ತಪ್ಪಿರಲಿ ಎಂದು ಬೇಡಿಕೊಂಡರು. ಒಂದೂ ಇರಲಿಲ್ಲ. ಕೆಂಪು ಪೆನ್ನು ತೆಗೆದರು.

"ಆ 'ಯಿಲ್ಲದೆ' ಅನ್ನೋದು ಅಚ್ಚಿನ ತಪ್ಪು ಕಣೇ. ಅದೊಂದು ಹೊಡೆದುಬಿಡ್ತೀನಿ."

"ಅಚ್ಚಾದ ಮೇಲೆ ತಿದ್ದೋ ಹಾಗಿಲ್ಲ ಅಂತ ಊರಿಗೆಲ್ಲ ಹೇಳಿದೋರು ನೀವೇ ಅಲ್ವೇನ್ರೀ?" ಮಡದಿ ಗುಂಡಿ ಒತ್ತಿ ಇನ್ನಷ್ಟು ಒರಗಿದರು. "ಬನ್ನಿ, ಸ್ಟೂಲಿನ ಮೇಲೆ ಕೂತ್ಕೊಳ್ಳಿ. ನನಗೇನೂ ಕೊಡಬೇಡಿ. ಪ್ರತಿಫಲಾಪೇಕ್ಷೆಯಿಲ್ಲದೆ ಕೊಡ್ತಿದೀನಿ!"