ಮಾವನ ಕಾರಿಗೊಂದು ಪಂಪು

ಹನೀಫಾರ ಕಾರು ಬಂಟ್ವಾಳದಲ್ಲಿ ಒಮ್ಮೆ ಹಾರ್ನ್ ಹೊಡೆದರೆ ಸಾಕು, ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಎರಡು ಕಂಬ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಅತ್ತ ಬೆಳ್ತಂಗಡಿಯ ಗಡಾಯಿಕಲ್ಲು ಬೆಟ್ಟ ಕುತ್ತಿಗೆ ಉದ್ದ ಮಾಡಿ ಯಾರು ಬಂದರು ಎಂದು ನೋಡುತ್ತದೆ. ಇದನ್ನು ಹನೀಫಾ ತಮ್ಮ ಚಪ್ಪಲಿ ಅಂಗಡಿಯ ಮೆಟ್ಟಿಲಲ್ಲಿ ನಿಂತು ಅದೆಷ್ಟೋ ಸಲ ಹೇಳಿದ್ದರು. ಕೇಳಿದವರಲ್ಲಿ ಒಬ್ಬನೂ ನಂಬಿರಲಿಲ್ಲ. ಆದರೆ ಚಹಾ ತರಿಸುವವರು ಅವರೇ ಆದ್ದರಿಂದ ಯಾರೂ ಕಂಬ ನೋಡಲು ಮೂಡುಬಿದಿರೆಗೆ ಹೋಗಿರಲಿಲ್ಲ.

ಕಾರು ಮಾವನದು. ಮಮ್ಮು ಹಾಜಿಯವರು ಕುವೈತಿನಿಂದ ಹಡಗಿಗೆ ಹತ್ತಿಸಿ ತಂದ ಜರ್ಮನ್ ಕಾರು. ಊರಿನ ಕಾರುಗಳೆಲ್ಲ ಕಾರ್ಬೊರೇಟರಿನಲ್ಲಿ ಕೆಮ್ಮುತ್ತ ಓಡುತ್ತಿದ್ದ ಕಾಲದಲ್ಲಿ ಇದೊಂದು ಮಾತ್ರ ಇಂಜೆಕ್ಷನ್ ಗಾಡಿ; ಪೆಟ್ರೋಲನ್ನು ಅತ್ತರಿನ ಹಾಗೆ ತುಂತುರು ಮಾಡಿ ಎಂಜಿನ್ನಿಗೆ ಕೊಡುವಂಥದ್ದು. ಅಳಿಯನ ಕೈಗೆ ಕೀ ಕೊಡುವಾಗ ಹಾಜಿಯವರು ಒಂದೇ ಮಾತು ಹೇಳಿದ್ದರು: "ಇದು ಹೇಗೆ ಉಂಟೋ ಹಾಗೇ ಇರಬೇಕು. ಎಂಜಿನ್ನಿಗೆ ಕೈ ಹಾಕಿಸಿದಿ ಅಂತ ಗೊತ್ತಾದ್ರೆ ಕಾರು ಇಮ್ತಿಯಾಝಿಗೆ." ಇಮ್ತಿಯಾಝ್ ಎಂದರೆ ಹಾಜಿಯವರ ಮಗ, ಹನೀಫಾರ ಹೆಂಡತಿ ಸೈನಬಳ ತಮ್ಮ, ಆ ಕಾರಿನ ಮೇಲೆ ಚಿಕ್ಕಂದಿನಿಂದಲೂ ಕಣ್ಣಿಟ್ಟವ.

ಹನೀಫಾ ಕೈ ಹಾಕಿಸಿದ್ದರು. ಆ ಗಾಡಿ ಪೆಟ್ರೋಲು ಕುಡಿಯುವುದನ್ನು ನೋಡಲಾರದೆ ಕಲ್ಲಡ್ಕದ ಒಬ್ಬ ಮೆಕ್ಯಾನಿಕ್ಕನಿಗೆ ಗುಟ್ಟಾಗಿ ಒಪ್ಪಿಸಿ, ಇಂಜೆಕ್ಷನ್ ಕಿತ್ತು ಹಳೇ ವ್ಯಾನಿನ ಕಾರ್ಬೊರೇಟರ್ ಕೂರಿಸು ಎಂದಿದ್ದರು. ಕಿತ್ತದ್ದನ್ನು ಕೂಲಿಯ ಲೆಕ್ಕಕ್ಕೆ ತಾನೇ ಇಟ್ಟುಕೊಂಡೆ ಎಂದಿದ್ದ ಅವನು. ಅವನೂ ತೀರಿಹೋಗಿ ವರ್ಷಗಳಾದವು. ಆ ಗುಟ್ಟು ಈಗ ಹನೀಫಾರ ಹೊಟ್ಟೆಯಲ್ಲಿ ಮಾತ್ರ ಇತ್ತು. 

ಹೀಗಿರುವಾಗ ಕಾರಿನ ಪೆಟ್ರೋಲ್ ಪಂಪು ಸತ್ತಿತು. ಸೈನಬ ತಮ್ಮನಿಗೆ ಫೋನಿನಲ್ಲಿ ಹೇಳಿದಳು. ಸೌದಿಯಲ್ಲಿ ಕೆಲಸಕ್ಕಿದ್ದ ಅವನು ದಮಾಮಿನಿಂದ ಹನೀಫಾರನ್ನೇ ಕೇಳಿದ: "ಯಾವ ಪಂಪು ಬೇಕು ಭಾವ? ಬರುವಾಗ ತರ್ತೇನೆ."

ಬೇಡ ಎನ್ನಬಹುದಿತ್ತು. ಆದರೆ ಅಂಗಡಿಯಲ್ಲಿ ಆಗ ಗಿರಾಕಿಗಳಿದ್ದರು. "ಇಂಜೆಕ್ಷನ್ ಗಾಡಿಗೆ ಹೈ ಪ್ರೆಶರ್ ಪಂಪೇ ಬೇಕು ಮಾರಾಯ! ಇಲ್ಲಿ ಯಾರ ಹತ್ತಿರ ಉಂಟು? ಇಂಡಿಯಾದಲ್ಲಿ ಅದರ ಹೆಸರು ಹೇಳ್ಲಿಕ್ಕೆ ಬರುವವ ನಾನೊಬ್ಬನೇ!" ಎಂದು ಗಿರಾಕಿಗಳಿಗೂ ಕೇಳುವ ಹಾಗೆ ಕೂಗಿದರು. ಫೋನ್ ಇಟ್ಟ ಮೇಲೆ ಕಲ್ಲಡ್ಕಕ್ಕೆ ಹೋಗಿ ಕಾರ್ಬೊರೇಟರಿಗೆ ಸಾಕಾಗುವ ಒಂದು ಚಿಕ್ಕ ಪಂಪನ್ನು ತಂದು ಜೇಬಿನಲ್ಲಿಟ್ಟುಕೊಂಡರು.

ಆ ಭಾನುವಾರ ಮೂಡುಬಿದಿರೆಯಲ್ಲಿ ಹಳೇ ಕಾರುಗಳ ಮೆರವಣಿಗೆ. ತನ್ನ ಕಾರಿನಲ್ಲೇ ಹೋಗಬೇಕೆಂದು ಮಮ್ಮು ಹಾಜಿ ಬೆಳಿಗ್ಗೆಯೇ ಬೆಳ್ತಂಗಡಿ ಪಕ್ಕದ ಲಾಯಿಲದಿಂದ ಬಂದಿಳಿದರು. ಹಿಂದಿನ ದಿನವಷ್ಟೇ ವಿಮಾನ ಇಳಿದಿದ್ದ ಇಮ್ತಿಯಾಝ್ ಜೊತೆಗಿದ್ದ. ಅವನ ತೊಡೆಯ ಮೇಲೆ ಕಂದು ಟೇಪು ಸುತ್ತಿದ ಪಾರ್ಸೆಲ್ಲು.

ಬಂಟ್ವಾಳದ ಬಿ.ಸಿ. ರೋಡು ಪೇಟೆಯ ಮೇಲಿನ ಗುಡ್ಡೆಯಲ್ಲಿ ಅಶೋಕನ ಗ್ಯಾರೇಜು. ಕಾರು ಅಲ್ಲಿಯೇ ಇತ್ತು. ಮೇಜಿನ ಮೇಲೆ ಎರಡು ಪಂಪುಗಳನ್ನು ಇಡಲಾಯಿತು. ದಮಾಮಿನದು ಬೆಳ್ಳಿಯ ಹೂಜಿಯಂತೆ ಹೊಳೆಯುತ್ತಿತ್ತು. ಕಲ್ಲಡ್ಕದ್ದು ನಶ್ಯದ ಡಬ್ಬಿಯಂತೆ ಮೂಲೆಯಲ್ಲಿ ಮುದುಡಿತ್ತು.

"ಚಿಕ್ಕದು ಸಾಕು ಅಂತ ಕಾಣ್ತದೆ," ಎಂದರು ಹನೀಫಾ, ಗಾಳಿಗೆ ಹೇಳುವಂತೆ. "ದೊಡ್ಡದು ಹಾಳಾಗದೆ ಇರ್ಲಿ. ಶೋಕೇಸಿನಲ್ಲಿ ಇಡುವ."

"ಶೋಕೇಸಿಗಾ?" ಇಮ್ತಿಯಾಝಿನ ಹುಬ್ಬು ಮೇಲೇರಿತು. "ಕಸ್ಟಮ್ಸಿನವ ಇದನ್ನು ಬಾಂಬು ಅಂತ ಹಿಡಿದಿದ್ದ ಭಾವ! ಮೂರು ಜನರಿಗೆ ಕಾರಿನ ಫೋಟೋ ತೋರಿಸಿ ಬಿಡಿಸಿಕೊಂಡು ಬಂದಿದ್ದೇನೆ!"

ಅಷ್ಟರಲ್ಲಿ ಹನೀಫಾರ ನೆರೆಮನೆಯ ರುಕ್ಮಯ್ಯ ಗುಡ್ಡೆ ಹತ್ತಿ ಬಂದರು. ಊರಿಡೀ ಕೃಷಿ ಪಂಪ್‌ಸೆಟ್ ಕೂರಿಸಿದ ಮನುಷ್ಯ. ಪಂಪು ಎಂಬ ಶಬ್ದ ಕಿವಿಗೆ ಬಿದ್ದರೆ ಊಟದ ಎಲೆ ಬಿಟ್ಟು ಏಳುವವರು. ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿದರು.

"ಇದ್ರಲ್ಲಿ ಮಾತಾಡ್ಲಿಕ್ಕೆ ಎಂಥ ಉಂಟು? ಯಾವುದು ಎಷ್ಟು ಎತ್ತರಕ್ಕೆ ಎತ್ತುತ್ತದೆ ನೋಡುವ. ಗುಡ್ಡೆ ಮೇಲಿನ ತೆಂಗಿಗೆ ನೀರು ಹೋಗದ ಪಂಪು ಪಂಪಾ?"

"ರುಕ್ಮಯ್ಯಣ್ಣ, ಇದು ಕಾರು. ಇದ್ರಲ್ಲಿ ತೆಂಗು ಇಲ್ಲ," ಎಂದ ಅಶೋಕ.

"ತೆಂಗಾದ್ರೆ ಎಂಥ, ಕಾರಾದ್ರೆ ಎಂಥ? ಪಂಪಿಗೆ ಗೊತ್ತುಂಟಾ ಮೇಲೆ ಇರುವುದು ಯಾವುದು ಅಂತ?"

ಬಕೆಟ್ಟಿಗೆ ಡೀಸೆಲ್ ಬಂತು. ಬ್ಯಾಟರಿ ಬಂತು. ಆಚೆಈಚೆಯ ಅಂಗಡಿಗಳಿಂದ ಜನವೂ ಬಂದರು. ಮೊದಲು ಚಿಕ್ಕ ಪಂಪು. ಅದು ಟಿಕ್ ಟಿಕ್ ಎಂದು ಗೊಣಗಿ, ತೊಟ್ಟಿಲಿನ ಮಗು ಉಚ್ಚೆ ಹೊಯ್ದಷ್ಟು ಸುರಿಸಿ ಸುಮ್ಮನಾಯಿತು. ಎಲ್ಲರೂ ಹನೀಫಾರನ್ನು ನೋಡಿದರು. ಮಗು ತಮ್ಮದೇ ಎಂಬಂತೆ ಹನೀಫಾ ತಲೆ ತಗ್ಗಿಸಿದರು.

ಆಮೇಲೆ ದೊಡ್ಡದು. ಅಶೋಕ ತಂತಿ ಮುಟ್ಟಿಸಿದ್ದೇ ತಡ, ಡೀಸೆಲ್ ಮಾಡಿನ ಶೀಟಿಗೆ ಬಡಿದು, ಅಲ್ಲಿಂದ ತಿರುಗಿ ರುಕ್ಮಯ್ಯನವರ ಬಿಳೀ ಶರ್ಟನ್ನು ಭುಜದಿಂದ ಬೊಜ್ಜಿನವರೆಗೆ ತೋಯಿಸಿತು. ಜನ ಚಪ್ಪಾಳೆ ತಟ್ಟಿದರು. ರುಕ್ಮಯ್ಯ ಕಣ್ಣೊರೆಸಿಕೊಂಡು, ತೀರ್ಥ ಬಿದ್ದವರ ಹಾಗೆ ನಕ್ಕು, "ಇದು ಪಂಪು!" ಎಂದರು.

"ಹಾಕು ಅದನ್ನೇ," ಎಂದರು ಮಮ್ಮು ಹಾಜಿ. ಎಲ್ಲರೂ ಕೆಳಗಿನ ಹೋಟೆಲಿಗೆ ಬನ್ಸ್ ತಿನ್ನಲು ಇಳಿದರು.

ಹನೀಫಾ ಮಾತ್ರ ಕೈ ತೊಳೆಯುವ ನೆಪದಲ್ಲಿ ಉಳಿದರು. ಆ ರಾಕ್ಷಸ ಪಂಪು ತನ್ನ ಬಡಪಾಯಿ ಕಾರ್ಬೊರೇಟರಿಗೆ ಪೆಟ್ರೋಲು ನುಗ್ಗಿಸಿದರೆ ಮಾವನ ಸಮೇತ ಮೂಡುಬಿದಿರೆಗೆ ಹಾರಿಯೇ ಹೋಗಬೇಕಾದೀತು ಎಂಬ ಹೆದರಿಕೆ ಅವರಿಗೆ. ಅಶೋಕನ ಕಿವಿಗೆ ಬಾಯಿ ತಾಗಿಸಿ ಗುಟ್ಟು ಬಿಚ್ಚಿದರು.

"ಕಾರ್ಬೊರೇಟರಾ?" ಅಶೋಕ ಬೆಚ್ಚಿದ. "ಹಾಗಾದ್ರೆ ಬಾನೆಟ್ ತೆಗೆದು ಒಮ್ಮೆ ನೋಡುವ ಹನೀಫಾಕ."

"ಬೇಡ ಮಾರಾಯ! ಯಾರಾದ್ರೂ ಮೇಲೆ ಬಂದು ಕಂಡ್ರೆ ನನ್ನ ಮರ್ಯಾದೆ ಹೋಯ್ತು. ಪಂಪು ಹಿಂದೆ ಟ್ಯಾಂಕಿನ ಹತ್ತಿರ ಅಲ್ವಾ? ಅಲ್ಲಿ ಚಿಕ್ಕದನ್ನು ಸಿಕ್ಕಿಸು. ಮುಂದಕ್ಕೆ ಬರಬೇಡ."

ಅಶೋಕ ಸಿಕ್ಕಿಸಿದ. ದಮಾಮಿನ ಪಂಪು ಹನೀಫಾರ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಸಿಕೊಂಡು ಡಿಕ್ಕಿ ಸೇರಿತು.

ಬನ್ಸ್ ಮುಗಿಸಿ ಬಂದ ಮಾವನನ್ನೂ ಇಮ್ತಿಯಾಝನ್ನೂ ಕೂರಿಸಿಕೊಂಡು ಕಾರು ಹೊರಟಿತು. ಸ್ಟಾರ್ಟ್ ಆಯಿತೋ, ಗುಡ್ಡೆಯ ಇಳಿಜಾರೇ ಅದನ್ನು ದಬ್ಬಿತೋ, ಹನೀಫಾರಿಗೂ ಗೊತ್ತಾಗಲಿಲ್ಲ. ನಾಲ್ಕು ಸಲ ಕೆಮ್ಮಿ, ಒಮ್ಮೆ ಸೀನಿ ಕೆಳಗೆ ಉರುಳಿತು. "ಕೇಳಿ ಮಾವ, ಇಂಜೆಕ್ಷನ್ನಿನ ಶಬ್ದ!" ಎನ್ನುವಷ್ಟರಲ್ಲಿ ಬಿ.ಸಿ. ರೋಡಿನ ಸರ್ಕಲ್ಲಿನ ನಟ್ಟನಡುವೆ ಬಂದು, ಹರತಾಳಕ್ಕೆ ಕೂತಂತೆ ನಿಂತುಬಿಟ್ಟಿತು.

ಹಿಂದೆ ಬಸ್ಸು, ಅದರ ಹಿಂದೆ ಲಾರಿ, ಲಾರಿಯ ಹಿಂದೆ ಮಂಗಳೂರಿನವರೆಗೂ ವಾಹನಗಳು. ಆ ಸಾಲಿನ ಬಾಲ ಅರಬ್ಬೀ ಸಮುದ್ರದಲ್ಲಿ ನೆನೆಯುತ್ತಿತ್ತು ಎಂದರೂ ಆದೀತು. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡಿ ಕೂಗಿದ: "ಸಾಯಿಬ್ರೇ, ಹಾರ್ನ್ ಹೊಡೀರಿ! ಕಂಬ ಸರೀತದಂತಲ್ಲ, ಬಸ್ಸೂ ಸರೀತದಾ ನೋಡುವ!"

ಬಸ್ಸಿನೊಳಗೆ ನಗು ಉರುಳಿತು. ಹನೀಫಾರ ಕಿವಿ ಕಾದ ಕಾವಲಿಯಾಯಿತು. ತಾವೇ ಚಪ್ಪಲಿ ಮಾರಿದ ಕಾಲುಗಳೆಲ್ಲ ಸುತ್ತ ನಿಂತಿದ್ದವು. ತಲೆ ಎತ್ತಿ ಮುಖಗಳನ್ನು ನೋಡುವ ಧೈರ್ಯವಾಗಲಿಲ್ಲ.

"ಬಾನೆಟ್ ತೆಗೆ," ಎಂದರು ಮಮ್ಮು ಹಾಜಿ, ಇಳಿದು ಬಂದು.

"ಬಿಸಿ ಉಂಟು ಮಾವ."

"ಗುಡ್ಡೆಯಿಂದ ಇಲ್ಲಿಗೆ ಬಂದದ್ದಕ್ಕೆ ಎಂಥ ಬಿಸಿ? ತೆಗೆ."

ಹನೀಫಾ ಬಾನೆಟ್ಟಿನ ಮೇಲೆ ಕವುಚಿ ಬಿದ್ದರು. ಎರಡೂ ಕೈಯಲ್ಲಿ ಅದನ್ನು ಅಪ್ಪಿ ಹಿಡಿದರು. ಇಮ್ತಿಯಾಝ್ ಒಂದು ತೋಳು ಹಿಡಿದೆಳೆದ. ಡೀಸೆಲ್ ಶರ್ಟಿನಲ್ಲೇ ಹಿಂದೆ ಓಡಿ ಬಂದಿದ್ದ ರುಕ್ಮಯ್ಯ ಇನ್ನೊಂದನ್ನು ಹಿಡಿದರು. ಬಸ್ಸಿನವರು ಫೋನ್ ಎತ್ತಿ ವಿಡಿಯೋ ಮಾಡತೊಡಗಿದರು. ಇನ್ನು ತಡೆಯಲಾಗಲಿಲ್ಲ. ಹನೀಫಾ ಅಲ್ಲಿಯೇ, ಬಾನೆಟ್ಟಿಗೆ ಕೆನ್ನೆ ಒತ್ತಿಕೊಂಡು, ಎಲ್ಲ ಹೇಳಿದರು. ಕಲ್ಲಡ್ಕದ ಮೆಕ್ಯಾನಿಕ್ಕು, ಕಿತ್ತುಕೊಟ್ಟ ಇಂಜೆಕ್ಷನ್ನು, ವ್ಯಾನಿನ ಕಾರ್ಬೊರೇಟರು, ಡಿಕ್ಕಿಯಲ್ಲಿ ಬೈರಾಸು ಹೊದ್ದು ಮಲಗಿದ ಪಂಪು.

 ಲಾರಿಯವನೂ ಹಾರ್ನ್ ನಿಲ್ಲಿಸಿದ.

"ಕೀ ಕೊಡು," ಎಂದರು ಮಮ್ಮು ಹಾಜಿ. ಹನೀಫಾ ಕೊಟ್ಟರು. ಕೀ ಅಲ್ಲಿಂದಲ್ಲಿಗೇ ಇಮ್ತಿಯಾಝಿನ ಕೈ ಸೇರಿತು. ಸೋತ ಮುಖದ ಹನೀಫಾರಿಗೆ ಎದೆಯ ಮೂಲೆಯಲ್ಲಿ ಸ್ವಲ್ಪ ಹಗುರವೂ ಆಯಿತು. ಇನ್ನು ಮುಚ್ಚಿಡಲು ಏನೂ ಇಲ್ಲವಲ್ಲ.

ಆಗ ಸ್ಕೂಟರಿನಲ್ಲಿ ಬಂದಿಳಿದ ಅಶೋಕ ಡ್ರೈವರ್ ಬಾಗಿಲಿನೊಳಗೆ ಕೈ ತೂರಿಸಿ, ಎಂಥದೋ ಎಳೆದು, ಮುಂದೆ ಬಂದು ಬಾನೆಟ್ ಎತ್ತಿದ. ಒಳಗೆ ನೋಡಿದ. ಹನೀಫಾರನ್ನು ನೋಡಿದ. ಮತ್ತೆ ಒಳಗೆ ನೋಡಿದ.

"ಹನೀಫಾಕ, ಇಲ್ಲಿ ಕಾರ್ಬೊರೇಟರ್ ಎಲ್ಲಿ ಉಂಟು? ಇಂಜೆಕ್ಷನ್ ಇದ್ದ ಹಾಗೇ ಉಂಟಲ್ಲ! ಒಂದು ಸ್ಕ್ರೂವನ್ನೂ ಯಾರೂ ಮುಟ್ಟಿಲ್ಲ. ನೀವು ಹಾಕಿಸಿದ ಚಿಕ್ಕ ಪಂಪು ಇದಕ್ಕೆ ಎಲ್ಲಿಗೆ ಸಾಕು? ಅದಕ್ಕೇ ನಿಂತದ್ದು."

"ಸುಳ್ಳು!" ಹನೀಫಾರ ಸ್ವರ ಕೀರಲಾಯಿತು. "ಆಮೇಲೆ ಮೈಲೇಜ್ ಜಾಸ್ತಿ ಆಗಿತ್ತು!"

"ಆ ಮೆಕ್ಯಾನಿಕ್ ಬರೇ ಫಿಲ್ಟರ್ ತೊಳೆದು ಕೊಟ್ಟಿರಬೇಕು," ಎಂದ ಅಶೋಕ.

ಮಮ್ಮು ಹಾಜಿ ಬಾಗಿ ತನ್ನ ಕುವೈತಿನ ಎಂಜಿನ್ನನ್ನು ಒಂದೊಂದೇ ಪೈಪು ಮುಟ್ಟಿ ನೋಡಿದರು. ಕಣ್ಣಲ್ಲಿ ನೀರು ಬಂತು. ಹನೀಫಾರಿಗೆ ಆಸೆ ಚಿಗುರಿತು.

"ಮಾವ, ಹಾಗಾದ್ರೆ ಕಾರು ಇದ್ದ ಹಾಗೇ ಉಂಟಲ್ಲ. ಕೀ..."

"ಇದನ್ನು ಉಳಿಸಿದ್ದು ನೀನಲ್ಲ, ನಿನ್ನ ಆ ಕಲ್ಲಡ್ಕದ ಕಳ್ಳ," ಎಂದರು ಹಾಜಿ. "ಅವ ಬದುಕಿದ್ರೆ ಕಾರು ಅವನಿಗೇ ಕೊಡ್ತಿದ್ದೆ. ಇಲ್ಲದ್ದಕ್ಕೆ ಇಮ್ತಿಯಾಝಿಗೆ." ಆಮೇಲೆ ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು: "ಅಲ್ಲ ಮಾರಾಯ, ಇಷ್ಟು ವರ್ಷದಲ್ಲಿ ನೀನು ಬಾನೆಟ್ ತೆಗೆದು ಒಂದು ಸಲವೂ ನೋಡ್ಲಿಲ್ವಾ?"

ಹನೀಫಾರ ಬಾಯಿಗೆ ಒಂದು ದೊಡ್ಡ ಉತ್ತರ ಬಂದದ್ದು ಹೌದು. ಜರ್ಮನಿಯಿಂದ ಎಂಜಿನಿಯರುಗಳು ಬಂದು ತನ್ನ ಹತ್ತಿರ ಪಾಠ ಹೇಳಿಸಿಕೊಂಡು ಹೋದದ್ದು ಅದರಲ್ಲಿತ್ತು. ಬಸ್ಸಿನ ಕಿಟಕಿಗಳಲ್ಲಿ ಫೋನುಗಳು ಕಾದಿದ್ದವು. ಆ ಉತ್ತರವನ್ನು ಅವರು ಉಗುಳಿನ ಜೊತೆ ನುಂಗಿಕೊಂಡರು.

"ಇಲ್ಲ ಮಾವ," ಎಂದರು, ತೀರಾ ಸಣ್ಣ ಸ್ವರದಲ್ಲಿ. "ಅದನ್ನು ಎಲ್ಲಿಂದ ತೆಗೆಯುವುದು ಅಂತ ನನಗೆ ಈಗ ಅಶೋಕ ತೆಗೆದಾಗಲೇ ಗೊತ್ತಾದದ್ದು."