ಹದ್ದಿಗಾಗಿ ಬರೆದ ಚಿತ್ರಕಥೆ

ನಾನು ಬರೆದ ಚಿತ್ರಗಳಲ್ಲಿ ಒಂದು ದೊಡ್ಡ ಕೊರತೆ ಇತ್ತು: ಅವು ನನ್ನನ್ನು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ನೋಡುವವರ ಪಕ್ಕದಲ್ಲಿ ನಾನೇ ನಿಂತು, "ಇದು ಮರ, ಇದು ಅದರ ಕೆಳಗಿನ ಮನುಷ್ಯ, ಇಲ್ಲಿ ನಗಬೇಕು" ಎಂದು ತಿಳಿಸಿ ಹೇಳಬೇಕಿತ್ತು. ಆಮೇಲೆ ಕೆಲವರು ನಗುತ್ತಿದ್ದರು. ಚಿತ್ರಕ್ಕೋ ನನಗೋ ಎಂದು ಕೇಳುವ ಧೈರ್ಯ ಮಾತ್ರ ನನಗಾಗಲಿಲ್ಲ.

ಆಗ ಹಿಡಕಲ್ಲಿನಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ನಾನು ಆ ಕಡೆಯ ಕಚೇರಿಯೊಂದರಲ್ಲಿ ಕಾಲುವೆಯ ನಕ್ಷೆ ತೆಗೆಯುವವನು. ಗಂಜಿ ಹಾಕಿದ ತೆಳು ಬಟ್ಟೆಯ ಮೇಲೆ ಮಸಿಯಿಂದ ಗೆರೆ ಎಳೆಯುವುದು ನನ್ನ ಕೆಲಸ. ಗೆರೆ ಕೆಟ್ಟು ರದ್ದಾದ ಬಟ್ಟೆ ಮನೆಗೆ ಬರುತ್ತಿತ್ತು. ಹೆಂಡತಿ ಕಮಲಾ ಅದನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿದರೆ ಮಲ್ಲಿನಂಥ ಅರಿವೆ; ಗೆರೆ ಮಾತ್ರ ಮಸುಕಾಗಿ ಉಳಿಯುತ್ತಿತ್ತು. ಕೂಸಿನ ಕುಲಾವಿ, ನನ್ನ ಕರವಸ್ತ್ರ ಎಲ್ಲ ಅದರಲ್ಲೇ. ನಮ್ಮ ಕಚೇರಿಯ ಅರ್ಧ ಮಂದಿ ರದ್ದಾದ ಕಾಲುವೆಗಳಿಂದಲೇ ಮುಖ ಒರೆಸಿಕೊಳ್ಳುತ್ತಿದ್ದರು.

ಆ ವರ್ಷ ಗೆಳೆಯರು ಕೈಬರಹದ ದೀಪಾವಳಿ ಸಂಚಿಕೆ ತರಲು ಹೊರಟರು. ಇರುವುದು ಒಂದೇ ಪ್ರತಿ; ಅದು ಮನೆಯಿಂದ ಮನೆಗೆ ಹೋಗಬೇಕು. ನಾನು ಜಂಬದಿಂದ ಮಾತಿಲ್ಲದ ಚಿತ್ರಕಥೆಯೊಂದನ್ನು ಬರೆದುಕೊಡಲು ಒಪ್ಪಿಕೊಂಡೆ. ಆಮೇಲೆ ಯೋಚನೆ ಹತ್ತಿತು. ಸಂಚಿಕೆಯ ಬೆನ್ನಿಗೆ ನಾನೂ ಮನೆಮನೆ ತಿರುಗಿ ಅರ್ಥ ಹೇಳಲಾದೀತೇ? ಈ ಸಲ ಚಿತ್ರ ತಾನಾಗಿಯೇ ನಗಿಸದಿದ್ದರೆ ಈ ಹುಚ್ಚಿಗೆ ಎಳ್ಳುನೀರು ಬಿಡುವುದೇ ಸೈ ಎಂದು ನಿಶ್ಚಯಿಸಿದೆ.

ನನ್ನ ಕಥೆಯಲ್ಲಿ ಕುರುಬನೊಬ್ಬ ಹೆಗಲ ಮೇಲೆ ಮರಿಯನ್ನು ಹೊತ್ತುಕೊಂಡೇ ಊರೆಲ್ಲ ಮರಿ ಹುಡುಕುತ್ತಾನೆ. ಆರು ಚೌಕ ಬರೆದು ಕಮಲಾಳ ಮುಂದಿಟ್ಟು, ತುಟಿ ಪಿಟ್ಟೆನ್ನದೆ ಕುಳಿತೆ.

"ಉಂಡಿ ಚಲೋ ಬಂದಾವ್ರಿ," ಎಂದಳು. "ದೀಪಾವಳಿ ಫರಾಳದ ತಿಂಡಿ ಅಲ್ಲೇನ್ರಿ?"

"ಅದು ಕುರುಬನ ರುಮಾಲ! ಮ್ಯಾಲಿಂದ ನೋಡಿದ್ರ ಹಂಗ ಕಾಣತೈತಿ."

"ಮ್ಯಾಲಿಂದ ಯಾರ ನೋಡ್ತಾರ್ರಿ, ಹದ್ದ?"

ತಪ್ಪು ಆಗ ಹೊಳೆಯಿತು. ವರ್ಷಗಟ್ಟಲೆ ಭೂಮಿಯನ್ನು ನೆತ್ತಿಯ ಮೇಲಿನಿಂದಲೇ ಬರೆದ ಕೈ ಮನುಷ್ಯರನ್ನೂ ಹಾಗೇ ಬರೆದಿತ್ತು. ಮರ ಒಂದು ಸೊನ್ನೆ, ಕುರುಬ ಒಂದು ಸೊನ್ನೆ, ಮರಿ ಸಣ್ಣ ಸೊನ್ನೆ.

ಮರುದಿನ ಮೇಲವಂಕಿಯ ಲಗಮಪ್ಪಜ್ಜ ಕಂಬಳಿ ಮಾರಲು ಬಂದ. ಕುರಿ ಕಾಯುತ್ತಲೇ ಮುದುಕನಾದವನು. ಕುರುಬರ ಕಥೆಯಲ್ಲವೇ ಎಂದು ಅವನಿಗೂ ತೋರಿಸಿ ವಿವರಿಸಿದೆ. ಅಜ್ಜ ನನ್ನ ರಟ್ಟೆ ಹಿಡಿದು ಅಂಗಳದಲ್ಲಿ ಕೂರಿಸಿದ. ಎದುರಿನ ಬಯಲಲ್ಲಿ ಯಾರದೋ ಕುರಿ ಮೇಯುತ್ತಿದ್ದವು.

"ಇಲ್ಲೇ ಕುಂದರ್ರಿ ಸಾಹೇಬ್ರ, ಏಳಬ್ಯಾಡ್ರಿ. ಹತ್ರದ ಕುರಿ ಎಷ್ಟ ಕಾಣತೈತಿ, ದೂರಿಂದು ಎಷ್ಟ ಕಾಣತೈತಿ, ಅಷ್ಟಽ ಬರೀರಿ."

ಬರೆದೆ. ದೂರದ ಮನೆ ಹತ್ತಿರದ ಕುರಿಯ ಕಿವಿಯಷ್ಟಾಯಿತು! ಕಚೇರಿಯಲ್ಲಿ ಹೀಗೆ ಬರೆದಿದ್ದರೆ ಕೆಲಸ ಹೋಗುತ್ತಿತ್ತು. ಇಲ್ಲಿ ಕುರಿ ಕುರಿಯಂತೆಯೇ ಕಂಡಿತು.

"ಆದ್ರ ಕಥಿ ಸುಳ್ಳ ಐತ್ರಿ," ಎಂದ ಅಜ್ಜ. "ಹೆಗಲ ಮ್ಯಾಲಿನ ಮರಿ ಬೆಚ್ಚಗಿರತೈತಿ, ಒದಿತೈತಿ. ಕುರಿ ಕಾಯಾಂವ ಅದನ್ನ ಹೆಂಗ ಮರೀತಾನ? ನಿಮ್ಮ ಕಚೇರ್ಯಾಗ ಅಂಥವ್ರ ಇದ್ರ ನೋಡ್ರಿ."

ಸಿಟ್ಟು ಬಂತು. ಆದರೆ ಮಾತು ಖರೆ ಇತ್ತು. ಹೊಸದಾಗಿ ಬರೆದೆ: ಗುಮಾಸ್ತನೊಬ್ಬ ಕಳೆದುಹೋದ ನಕ್ಷೆಗಾಗಿ ಕಪಾಟು, ಮೇಜಿನಡಿ, ಜವಾನನ ಮಣೆಯಡಿ ಎಲ್ಲ ಜಾಲಾಡುತ್ತಾನೆ, ಚೌಕಕ್ಕೊಮ್ಮೆ ಬೆವರು ಒರೆಸಿಕೊಳ್ಳುತ್ತಾನೆ. ಕೊನೆಯ ಚೌಕದಲ್ಲಿ ಒದ್ದೆ ಕರವಸ್ತ್ರ ಒಣಹಾಕಿದರೆ ಅದರಲ್ಲೇ ಆ ನಕ್ಷೆಯ ಕಾಲುವೆ! ಕಮಲಾ ನೋಡಿದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಒಂದು ಮಾತೂ ಆಡಿರಲಿಲ್ಲ. ಸಂತೋಷಕ್ಕೆ ನನ್ನ ಕಣ್ಣು ತುಂಬಿತು.

ಸಂಚಿಕೆ ನನ್ನನ್ನು ಬಿಟ್ಟು ಮನೆಮನೆಗೆ ಹೋಗಿ ನಗಿಸಿ, ಕಡೆಗೆ ನಮ್ಮ ಕಚೇರಿಯ ಸಾಹೇಬರ ಮೇಜಿಗೆ ಬಂತು. ನನ್ನನ್ನು ಕರೆಸಿದರು. ಚಿತ್ರ ನೋಡಿ ಜೋರಾಗಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ಹೋದ ತಿಂಗಳಿಂದ ಘೋಡಗೇರಿ ಕಾಲುವಿ ನಕ್ಷಾ ಸಿಗವಲ್ತು. ಇದು ಬರೇ ಕಥಿ ಹೌದಲ್ರಿ?"

"ಬರೇ ಕಥಿರಿ ಸಾಹೇಬ್ರ," ಎಂದೆ. ಹಣೆ ಬೆವೆತಿತ್ತು. ಕರವಸ್ತ್ರ ತೆಗೆದು ಒರೆಸಿಕೊಂಡೆ.

ಸಾಹೇಬರ ಕಣ್ಣು ಅದರ ಮೂಲೆಯಲ್ಲೇ ನಿಂತಿತು. ತೊಳೆದು ಮಸುಕಾಗಿದ್ದರೂ ನನ್ನದೇ ದುಂಡು ಅಕ್ಷರ: ಘೋಡಗೇರಿ. ನನ್ನ ಜನ್ಮದಲ್ಲಿ ವಿವರಣೆಯೇ ಬೇಡದ ಎರಡನೆಯ ಚಿತ್ರ ಅದು. ಆದರೂ ಅದರ ಪಕ್ಕದಲ್ಲಿ ನಿಂತು ಒಂದು ತಾಸು ವಿವರಿಸಿದೆ.