ಎರಡು ಗೆರೆಯ ಹರಕೆ

ಮನುಷ್ಯರಿಗೆ ಸುಳ್ಳು ಹೇಳುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ದೇವರ ಹೆಸರಿನಲ್ಲಿ ಸುಳ್ಳು ಹೇಳಿ, ಹೆತ್ತ ತಾಯಿಯನ್ನೇ ಆ ಸುಳ್ಳಿನ ಕಾವಲಿಗೆ ಕೂಡಿಸಿ, ತಾನು ಆರಾಮಾಗಿ ಟಪಾಲು ಹಂಚಲು ಹೋದವನನ್ನು ಕಂಡಿದ್ದೀರಾ? ಅಂಥವನೊಬ್ಬ ನಮ್ಮ ಮನೆಯಲ್ಲೇ ಇದ್ದ. ನನ್ನ ಅಣ್ಣ! ಹೆಸರು ಬೇಡ. ಲಕ್ಷ್ಮೇಶ್ವರದಲ್ಲಿ ಅವನ ಹೆಸರೆತ್ತಿದರೆ ಈಗಲೂ ನಾಲ್ಕು ಜನ ನಗುತ್ತಾರೆ, ಐದನೆಯವರು ನನ್ನ ಮುಖ ನೋಡುತ್ತಾರೆ. ಆ ಐದನೆಯವರದೇ ನನಗೆ ಹೆದರಿಕೆ.

ಅಣ್ಣ ಪೋಸ್ಟಮನ್. ನಲವತ್ತು ಸಮೀಪಿಸಿದರೂ ಮದುವೆಯಾಗಿರಲಿಲ್ಲ. ಊರೆಲ್ಲ ತಿರುಗಿ ತಿರುಗಿ ಅವನಿಗೆ ಜನರ ನಡಿಗೆ ನೋಡುವ ಚಟ ಹತ್ತಿತ್ತು. ಕಾಗದ ಕೊಡುವ ಮೊದಲು, ಎಡಗಾಲು ಎಳೆಯುತ್ತೀರಿ, ಚಪ್ಪಲಿ ಬದಲಿಸಿರಿ ಎಂದು ಹೇಳಿಯೇ ಕೊಡುತ್ತಿದ್ದ. ಒಮ್ಮೆ ಮುಳಗುಂದದಿಂದ ಬಂದ ಬೀಗರೊಬ್ಬರ ಬೆನ್ನ ಹಿಂದೆ ಅವರ ಹಾಗೆಯೇ ಓಲಾಡಿಕೊಂಡು ನಡೆಯುತ್ತಿದ್ದಾಗ ಅವರು ಗಕ್ಕನೆ ತಿರುಗಿ ನೋಡಿಬಿಟ್ಟರು. ಬೇರೆಯವರಾಗಿದ್ದರೆ ಕಾಲು ಹಿಡಿಯುತ್ತಿದ್ದರು. ಇವನು, ನಿಮ್ಮ ಸೊಂಟದಲ್ಲಿ ಏನೋ ದೋಷವಿದೆ ಎಂದು ಅವರಿಗೇ ಬುದ್ಧಿ ಹೇಳಿದ! ಬೀಗರು ಊಟ ಮಾಡದೆ ಹೋದರು. ಎರಡು ತಿಂಗಳಿಗೆ ಅವರು ಸೊಂಟನೋವಿನಿಂದ ಹಾಸಿಗೆ ಹಿಡಿದ ಖಬರು ಬಂತು. ಆ ದಿನ ಅಣ್ಣ ಎರಡು ರೊಟ್ಟಿ ಹೆಚ್ಚು ಉಂಡ.

ಇಂಥವನಿದ್ದ ಮನೆಯಲ್ಲಿ, ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ, ನಡೆಯಲಾರದ ಕೂಸೊಂದು ಬೆಳೆಯುತ್ತಿತ್ತು. ನನ್ನ ಮಗಳು ಪಮ್ಮಿ. ಹುಟ್ಟಿದಾಗ ಬಹಳ ಹೊತ್ತು ಅತ್ತಿರಲಿಲ್ಲ. ನಾಲ್ಕು ತುಂಬಿದರೂ, ಹಿಡಿದು ನಿಲ್ಲಿಸಿದರೆ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯುತ್ತಿದ್ದವು; ಹಿಮ್ಮಡ ನೆಲಕ್ಕೆ ತಾಗುತ್ತಿರಲಿಲ್ಲ. ಬುದ್ಧಿ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಮನೆಗೆ ಯಾರಾದರೂ ಬಂದರೆ ನಾನು ಅವಳನ್ನು ಎತ್ತಿಕೊಂಡು ಹೋಗಿ ಒಳಗಿನ ಕೋಣೆಯಲ್ಲಿ ಕೂಡಿಸಿ ಬರುತ್ತಿದ್ದೆ. ದೃಷ್ಟಿಯಾಗುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದೆ. ಎಂಥ ದೃಷ್ಟಿ ಬಂತು! ನನಗೆ ನಾಚಿಕೆಯಾಗುತ್ತಿತ್ತು, ಅಷ್ಟೇ.

ಅವಳನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೊತ್ತುಕೊಂಡು ಹೋದವನು ಅಣ್ಣ. ನನಗೆ ರಜೆ ಇರಲಿಲ್ಲ ಎಂದಿಟ್ಟುಕೊಳ್ಳಿ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದೆ, ಅದಕ್ಕೆ ಔಷಧವಿಲ್ಲ, ಆದರೆ ದಿನಾಲೂ ವ್ಯಾಯಾಮ ಮಾಡಿಸಿದರೆ ನಡೆದಾಳು ಎಂದು ಅಲ್ಲಿಯ ವ್ಯಾಯಾಮದ ಲೇಡಿ ಡಾಕ್ಟರು, ಎಲ್ಲರೂ ಬಾಯಾರು ಎನ್ನುವವರು, ಹೇಳಿದರಂತೆ. ಬಿಸಿನೀರಿನ ಬಟ್ಟೆ ಸುತ್ತಿ ಪಾದವನ್ನು ಮೇಲಕ್ಕೆ ಒತ್ತಿ ಹಿಡಿಯುವುದು, ಕಾಲು ಅಗಲಿಸಿ ದಪ್ಪ ಸುರುಳಿಯ ಮೇಲೆ ಕೂಡಿಸುವುದು, ಹಿಮ್ಮಡ ಮೊದಲು ಊರಿಸಿ ನಡೆಸುವುದು. ಅಣ್ಣ ಎಲ್ಲವನ್ನೂ ಒಂದೇ ಸಲಕ್ಕೆ ಕಲಿತ. ಬರುವಾಗ ಬಾಯಾರ ನಡಿಗೆಯ ಬಗ್ಗೆಯೂ ಒಂದು ಮಾತು ಹೇಳಿ ಬಂದನಂತೆ. ಪುಣ್ಯಕ್ಕೆ ಅವರು ನಕ್ಕರು!

ಮನೆಯಲ್ಲಿ ನಗುವವರಿರಲಿಲ್ಲ. ಪಾದ ಒತ್ತಿದ ಕೂಡಲೇ ಪಮ್ಮಿ ಚೀರುವಳು. ಚೀರಿದ ಕೂಡಲೇ ನಮ್ಮ ಅವ್ವ ಒಲೆಯ ಮುಂದಿನಿಂದ ಸೌಟು ಸಮೇತ ಎದ್ದು ಬಂದು, ಅಣ್ಣನನ್ನು ಕಟುಕ ಎಂದು ಬೈದು, ಮೊಮ್ಮಗಳನ್ನು ಎತ್ತಿಕೊಂಡು ಹೋಗುವಳು. ಒಂದು ವಾರವಿಡೀ ಇದೇ ನಡೆಯಿತು. ಡಾಕ್ಟರರ ಮಾತು, ಹುಬ್ಬಳ್ಳಿಯ ಮಾತು, ಯಾವುದೂ ಅವ್ವನ ಮುಂದೆ ನಡೆಯಲಿಲ್ಲ.

ಎಂಟನೆಯ ದಿನ ಅಣ್ಣ ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ಈಶ್ವರ ಗುಡಿಯಲ್ಲಿ ಹರಕೆ ಹೊತ್ತು ಬಂದಿದ್ದೇನೆ, ಪಮ್ಮಿ ನಡೆಯುವ ತನಕ ದಿನಾಲೂ ಅವಳ ಕೈಯಿಂದ ಸೇವೆ ಮಾಡಿಸಬೇಕು, ಈ ವ್ಯಾಯಾಮವೇ ಆ ಸೇವೆ, ನಡುವೆ ತಪ್ಪಿದರೆ ಮುಂದಿನದು ನಾನರಿಯೆ ಎಂದ. ಅವ್ವನ ಕೈಯಲ್ಲಿನ ಸೌಟು ಕೆಳಗಿಳಿಯಿತು. ನಮ್ಮ ಮನೆಯಲ್ಲಿ ಮಾಳಿಗೆ ಕುಸಿದರೂ ಹರಕೆ ತಪ್ಪುವಂತಿಲ್ಲ! ಮರುದಿನದಿಂದ ಪಮ್ಮಿ ಎಷ್ಟು ಚೀರಿದರೂ ಅವ್ವ ತಾನೇ ಬಿಸಿನೀರು ಕಾಸಿಕೊಟ್ಟು, ಕಣ್ಣೀರು ಒರೆಸಿಕೊಳ್ಳುತ್ತ, ಇನ್ನೂ ಸ್ವಲ್ಪ ಒತ್ತು ಎನ್ನತೊಡಗಿದಳು. ಅಣ್ಣ ಟಪಾಲಿಗೆ ಹೋದರೆ ಮಧ್ಯಾಹ್ನದ ಪಾಳಿ ಅವ್ವನದೇ. ಬಾಯಾರು ಕೂಡ ಅಷ್ಟು ಕಟ್ಟುನಿಟ್ಟು ಮಾಡುತ್ತಿರಲಿಲ್ಲ.

ಸುಳ್ಳಿಗೆ ಕಾಲು ಮೂಡಿದ ಮೇಲೆ ಕೇಳಬೇಕೇ? ಸುರುಳಿಯ ಮೇಲೆ ಕೂಡಿಸುವುದು ಯಾವ ದೇವರ ಸೇವೆ ಎಂದು ಅವ್ವ ಕೇಳಿದಳು. ಅಣ್ಣ ರೆಪ್ಪೆ ಬಡಿಯದೆ, ನಂದಿಯದು ಎಂದ. ಸುರುಳಿ ಎಂದರೆ ನನ್ನ ಹಾಸಿಗೆಯ ಗಾದಿ. ಮರುದಿನ ನೋಡುತ್ತೇನೆ, ಗಾದಿಗೆ ಅರಿಷಿಣ ಕುಂಕುಮ, ಮೇಲೊಂದು ಕಣಗಿಲೆ ಹೂವು! ನಂದಿಯ ಮೇಲೆ ಮಲಗುವುದುಂಟೇ? ಎರಡು ವರ್ಷ ನಾನು ಚಾಪೆಯ ಮೇಲೆ ಮಲಗಿದೆ.

ನಡೆಸುವುದಕ್ಕೆ ಅಣ್ಣ ಹೆಜ್ಜೆ ನಮಸ್ಕಾರ ಗೊತ್ತುಮಾಡಿದ. ನಿಮಗೆ ಗೊತ್ತಿರುವ ಹೆಜ್ಜೆ ನಮಸ್ಕಾರದಲ್ಲಿ ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ಗುಡಿ ಸುತ್ತುತ್ತಾರೆ. ಪಮ್ಮಿಯ ಕಾಲು ಕೂಡಬಾರದು, ಅಗಲಬೇಕು. ಅದಕ್ಕೆ ಅಣ್ಣ ಗುಡಿಯ ಸುತ್ತ ಸುಣ್ಣದಲ್ಲಿ ಎರಡು ಗೆರೆ ಎಳೆದ, ಎಡಗಾಲಿಗೊಂದು, ಬಲಗಾಲಿಗೊಂದು. ಎರಡು ಗೆರೆಯ ನಮಸ್ಕಾರ ಎಲ್ಲಿಯದು ಎಂದು ಅವ್ವ ತಗಾದೆ ತೆಗೆದಳು. ಬೆಳ್ಳಟ್ಟಿಯ ಕಡೆ ಸಣ್ಣ ಮಕ್ಕಳಿಗೆ ಹೀಗೇ ಮಾಡಿಸುತ್ತಾರೆ ಎಂದ. ಬೆಳ್ಳಟ್ಟಿಯವರಿಗೆ ಇದು ಗೊತ್ತೇ ಇರಲಿಲ್ಲ. ಆದರೆ ಅಲ್ಲಿಂದ ಯಾರೂ ಬಂದು ಅಲ್ಲ ಎನ್ನಲಿಲ್ಲ, ಅವ್ವ ನಂಬಿದಳು.

ಈಗ ನನ್ನ ಪಾಳಿ. ನಾನು ಶಿರಹಟ್ಟಿಯ ಕಚೇರಿಯೊಂದರಲ್ಲಿ ಕಾರಕೂನ. ಶ್ರಾವಣದ ಒಂದು ಸೋಮವಾರ ನಮ್ಮ ಸಾಹೇಬರು ಆ ಗುಡಿಗೆ ಬಂದರು. ನಾನು ಕೈಕಟ್ಟಿ ಪಕ್ಕದಲ್ಲಿ ನಿಂತೆ. ಅತ್ತ ಪಮ್ಮಿ ಬಾಯಿಂದ ಜೊಲ್ಲು ಸೋರಿಸಿಕೊಂಡು, ಕೈ ತಿರುಚಿಕೊಂಡು, ಗೆರೆಯ ಮೇಲೆ ಬರುತ್ತಿದ್ದಳು, ಹಿಂದೆ ಅಣ್ಣ ಖಾಕಿ ಅಂಗಿಯಲ್ಲಿ ಬಗ್ಗಿಕೊಂಡು, "ಹಿಮ್ಮಡಾ... ಹಿಮ್ಮಡಾ..." ಎಂದು ಮಂತ್ರ ಹೇಳುತ್ತಿದ್ದ. ಜನ ನಿಂತು ನೋಡುತ್ತಿದ್ದರು. ಪಾಪ, ಯಾರ ಕೂಸು ಎಂದು ಸಾಹೇಬರು ಕೇಳಿದರು.

"ನಮ್ಮ ಅಣ್ಣನ ಮಗಳ್ರೀ," ಎಂದೆ.

ಅಷ್ಟರಲ್ಲಿ ಅವರಿಬ್ಬರೂ ನಮ್ಮಿಂದ ಎರಡು ಮಾರು ದೂರದಲ್ಲಿದ್ದರು. ಪಮ್ಮಿ ನಿಂತಳು. ಅಣ್ಣ ತಲೆಯೆತ್ತಿದ. ಸಾಹೇಬರು ಅವನತ್ತ ಹೋಗಿ, ನಿಮ್ಮ ಮಗಳಂತೆ, ಹೌದೇ ಎಂದು ಮರುಕದಿಂದ ವಿಚಾರಿಸಿದರು.

"ಹೌದ್ರೀ, ನನ್ನ ಮಗಳು," ಎಂದ ಅಣ್ಣ. "ಇವತ್ತ ಹನ್ನೊಂದು ಹೆಜ್ಜಿ ಹಾಕ್ಯಾಳ ನೋಡ್ರಿ."

ಲಗ್ನವಿಲ್ಲದ ಪೋಸ್ಟಮನ್ನನಿಗೆ ಐದು ವರ್ಷದ ಮಗಳು! ನಮ್ಮ ಓಣಿಯವರು ನಕ್ಕು ಬಿಟ್ಟರು. ಪಮ್ಮಿ ಯಾರ ಮಗಳೆಂದು ಅವರಿಗೆ ಗೊತ್ತು. ಆದರೆ ಗುಡಿಯಲ್ಲಿ ಪರವೂರಿನವರೂ ಇದ್ದರಲ್ಲ, ಮಾತು ಬಸ್ಸು ಹತ್ತಿತು. ಆಗ ಮುಂಡರಗಿಯಲ್ಲಿ ಅಣ್ಣನಿಗೊಂದು ಸಂಬಂಧ ಹೆಚ್ಚುಕಡಿಮೆ ಕುದುರಿತ್ತು. ಅವರು ಯಾರ ಕೈಯಲ್ಲೋ ಹೇಳಿಕಳಿಸಿದರು, ಬೇಡವೆಂದು. ಕಾರಣ ಹೇಳಲಿಲ್ಲ. ಬೇಕಿತ್ತೇ? ನಾನೇ ಮುಂಡರಗಿಗೆ ಹೋಗಿ ಖರೆ ಸಂಗತಿ ಹೇಳಿಬರುತ್ತೇನೆಂದೆ. ಅಂದದ್ದಷ್ಟೇ, ಹೋಗಲಿಲ್ಲ. ಹೋದರೆ ಏನೆಂದು ಹೇಳಿಕೊಳ್ಳುವುದು? ಕಡೆಗೆ ಅಣ್ಣನ ಮೇಲೆಯೇ ಸಿಟ್ಟು ಬಂತು. ಸಾಹೇಬರ ಮುಂದೆ ಅಲ್ಲ ಎನ್ನಲು ನಿನಗೇನಾಗಿತ್ತು ಎಂದು ಜಬರಿಸಿದೆ.

ಅವನು ಪಮ್ಮಿಯ ಪಾದಕ್ಕೆ ಬಿಸಿ ಬಟ್ಟೆ ಸುತ್ತುತ್ತಿದ್ದ. ಅವಳಿಗೆ ನಿದ್ದೆ ಹತ್ತಿತ್ತು. ಮೆಲ್ಲಗೆ ಹೇಳಿದ:

"ನೀ ಅಲ್ಲ ಅಂದಿದ್ದಿ. ಅಕಿ ಎದುರಿಗೇ ನಾನೂ ಅಲ್ಲ ಅಂದ್ರ, ಮತ್ತ ಕೂಸು ಯಾರದಲೇ?"

ಬೈದಿದ್ದರೆ ಚಲೋ ಇತ್ತು. ಹೊಡೆದಿದ್ದರೆ ಇನ್ನೂ ಚಲೋ ಇತ್ತು.

ಮರುವರ್ಷ ಜೂನಿನಲ್ಲಿ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಅವಳನ್ನು ಶಾಲೆಗೆ ಹಚ್ಚಲು ಹೋದೆವು. ಹಿಂದಿನ ಸಲ ಹೆಡ್‌ಮಾಸ್ತರರು, ತಾನಾಗಿ ನಡೆದು ವರ್ಗಕ್ಕೆ ಬರುವಂತಾದರೆ ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ಅಣ್ಣ ಬಾಗಿಲಲ್ಲಿಯೇ ನಿಂತ. ನಾನು ಒಳಗೆ ಮೇಜಿನ ಪಕ್ಕ ನಿಂತೆ. ಪಮ್ಮಿ ಹೊಸ ಫ್ರಾಕು ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬಾಗಿಲಿಂದ ಹೊರಟಳು. ಅಲ್ಲಿ ಗೆರೆಗಳಿರಲಿಲ್ಲ. ತೂರಾಡಿದಳು, ನಿಂತಳು, ಮತ್ತೆ ಹಿಮ್ಮಡ ಊರಿದಳು. ಮೇಜು ಮುಟ್ಟಿದಾಗ ಅವಳ ಫ್ರಾಕು ಬೆವರಿಗೆ ತೊಯ್ದಿತ್ತು. ಮಾಸ್ತರರು ರಿಜಿಸ್ಟರು ತೆರೆದು, ಪ್ರೀತಿಯಿಂದಲೇ, ಯಾರ ಮಗಳವ್ವಾ ನೀನು ಎಂದು ಕೇಳಿದರು.

ಪಮ್ಮಿ ಮೇಜು ಹಿಡಿದುಕೊಂಡು ನನ್ನತ್ತ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಯಾವ ಕಾಲು ಮುಂದಿಡಲಿ ಎಂದು ದೊಡ್ಡಪ್ಪನನ್ನು ಕೇಳುವ ಹಾಗೆಯೇ ಕೇಳಿದಳು:

"ಅಪ್ಪಾ, ಇಲ್ಲಿ ಯಾರ ಮಗಳಂತ ಹೇಳ್ಲಿ?"

ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ಅವಳ ಎರಡೂ ಕೈ ಹಿಡಿದುಕೊಂಡೆ. "ನನ್ನ ಮಗಳು," ಎಂದೆ. ಮಾಸ್ತರರತ್ತ ತಿರುಗಿ ಇನ್ನೊಮ್ಮೆ ಹೇಳಿದೆ. ದನಿ ಎಷ್ಟು ಏರಿತ್ತೋ, ಪಕ್ಕದ ವರ್ಗದಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳು ಗಪ್ಪಾದರು.

ಪಮ್ಮಿ ಬಾಗಿಲ ಕಡೆ ಕತ್ತು ಹೊರಳಿಸಿದಳು.

"ಹಂಗಾರ ದೊಡ್ಡಪ್ಪಗ ಯಾರು?"

ನಾನು ಬಾಗಿಲ ಕಡೆ ನೋಡಿದೆ. ಅಣ್ಣ ನಮಗೆ ಬೆನ್ನು ತಿರುಗಿಸಿ, ಟಪಾಲು ಚೀಲದಲ್ಲಿ ಕೈ ಹಾಕಿ ಏನನ್ನೋ ಹುಡುಕುತ್ತಿದ್ದ. ಚೀಲ ಖಾಲಿಯಿತ್ತು. ಗದಗಿನ ಟಪಾಲು ಬರುವುದು ಹನ್ನೊಂದರ ಬಸ್ಸಿಗೆ.